ಮಂಡಿಯೂರಿದ ಕರಡಿ

ಕರಡಿಯ ತೋಳಿನಿಂದ ಮಗಳನ್ನು ಬಿಡಿಸುವುದು ಅವನು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತವನು ಹನ್ನೊಂದೂವರೆಯಾದರೂ ಅವಳ ಕೂದಲಿನ ಹತ್ತಿರವೇ ಒದ್ದಾಡುತ್ತಿದ್ದ. ಕೂದಲಿನ ಹಣೆಬರಹವೇ ಅಷ್ಟು. ಮೂಗು, ಕಿವಿ, ಭುಜ ಎಲ್ಲ ಹೇಳಿದ ಮಾತು ಕೇಳುತ್ತವೆ, ಕೂದಲು ಕೇಳುವುದಿಲ್ಲ. ಇಲ್ಲಂತೂ ಮಗಳ ಕೂದಲು ಕರಡಿಯ ಕಂದು ರೋಮದೊಳಗೆ ಸೇರಿಹೋಗಿ, ಯಾವುದು ಆರು ವರ್ಷದ ಹುಡುಗಿಯದು, ಯಾವುದು ಅಂಗಡಿಯವರು ಹೊಲಿಸಿದ ನೈಲಾನು ಎಂದು ಬೇರೆ ಮಾಡುವುದೇ ಕಷ್ಟವಾಗಿತ್ತು. ಇಪ್ಪತ್ತೆರಡು ವರ್ಷದಿಂದ ಅವನು ಇದೇ ಕೆಲಸ ಮಾಡುತ್ತಿದ್ದ. ಮದುವೆಗೆ ಬಾರದೆ ಮುನಿಸಿಕೊಂಡ ಸೋದರಮಾವನನ್ನು ತಂದು ಮೊದಲ ಸಾಲಿನಲ್ಲಿ ನಿಲ್ಲಿಸಿದ್ದ. ಸಮುದ್ರವನ್ನೇ ಕಾಣದ ದಂಪತಿಗಳನ್ನು ಅಲೆಗಳ ಮುಂದೆ ಕೂರಿಸಿದ್ದ. ಯಾರದೋ ಭುಜದ ಮೇಲಿದ್ದ ಯಾರದೋ ಕೈಯನ್ನು ಗುರುತೇ ಉಳಿಯದಂತೆ ಅಳಿಸಿದ್ದ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕತ್ತರಿ ಎನ್ನುತ್ತಿದ್ದರು. ಸ್ಟುಡಿಯೋದ ಮಾಲೀಕ, ಅಂದರೆ ಅವನ ಹೆಂಡತಿಯ ಅಣ್ಣ, ಗಿರಾಕಿಗಳ ಮುಂದೆ, ಬೇಡದ ನೆಂಟರಿದ್ದರೆ ನಮ್ಮ ಕತ್ತರಿಗೆ ಹೇಳಿ, ಅವರಿಗೂ ಗೊತ್ತಾಗದ ಹಾಗೆ ತೆಗೆದುಹಾಕುತ್ತಾನೆ ಎಂದು ನಗುತ್ತಿದ್ದ. ಗಿರಾಕಿಗಳೂ ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ, ಭಾವನ ಅಂಗಡಿಯಲ್ಲಿ ಕೂತವನು ಭಾವನ ಜೋಕಿಗೆ ನಗದೆ ಇದ್ದರೆ ಹೇಗೆ.

ಕರಡಿಯೊಳಗೆ ಇದ್ದದ್ದು ಅವನ ಅಣ್ಣ. ಎರಡು ತಿಂಗಳ ಹಿಂದೆ ಅಣ್ಣ ಬಸ್ಸಿನಲ್ಲಿ ಕೂತಲ್ಲೇ ಹೋಗಿಬಿಟ್ಟ ಮೇಲೆ, ದೊಡ್ಡ ಬಟ್ಟೆ ಅಂಗಡಿಯಿಂದ ಇಬ್ಬರು ಬಂದು ಅತ್ತಿಗೆಯ ಕೈಗೆ ಒಂದು ಚೀಲ ಕೊಟ್ಟರು. ಅದರಲ್ಲಿ ಎರಡು ಟವೆಲ್ಲು, ನಾಲ್ಕು ಬನಿಯನ್ನು, ಬೆವರುಸಾಲೆಗೆ ಹಾಕುವ ಪೌಡರಿನ ಡಬ್ಬಿ. ಸೂಪರ್‌ವೈಸರಿಗೆ ದಿನಕ್ಕೆ ನಾಲ್ಕು ಬನಿಯನ್ನು ಯಾಕೆ ಬೇಕು ಎಂದು ಅತ್ತಿಗೆ ಕೇಳಿದ್ದಕ್ಕೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ನಿಜ ಹೇಳಿದರಂತೆ. ಆರು ವರ್ಷ ಅಣ್ಣ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಮನೆಯಿಂದ ಹೊರಟು, ಅಂಗಡಿಯ ಹಿಂದಿನ ಗೋದಾಮಿನಲ್ಲಿ ಅದನ್ನು ಬಿಚ್ಚಿಟ್ಟು, ಕರಡಿಯ ವೇಷ ತೊಟ್ಟು, ಬಾಗಿಲ ಮುಂದೆ ನಿಂತು ಬಂದವರಿಗೆಲ್ಲ ಕೈ ಬೀಸಿದ್ದ. ಸಂಜೆ ಮತ್ತೆ ಅದೇ ಶರಟು. ಇಸ್ತ್ರಿ ಮುರಿಯದ ಶರಟನ್ನು ನೋಡಿ ಅತ್ತಿಗೆ, ಒಳ್ಳೆ ನೆರಳಿನ ಕೆಲಸ ಎಂದುಕೊಂಡಿದ್ದಳು.

ನಿನ್ನೆ ಮಧ್ಯಾಹ್ನ ಅವಳು ಸ್ಟುಡಿಯೋಕ್ಕೆ ಬಂದು, ಗಿರಾಕಿಗಳು ಕೂರುವ ಬೆಂಚಿನ ತುದಿಯಲ್ಲಿ ಕೂತು ಇದನ್ನೆಲ್ಲ ಇನ್ನೊಮ್ಮೆ ಹೇಳಿದಳು. ಅಳಲಿಲ್ಲ. ಹೇಳಿದ್ದರೆ ನಾನೇನು ಬೇಡ ಅನ್ನುತ್ತಿದ್ದೆನಾ ಎಂದು ಕೇಳಿದಳು, ಉತ್ತರ ಅವನ ಹತ್ತಿರ ಇರಬಹುದು ಎಂಬಂತೆ. ಅವಳಿಗೆ ಬೇಕಾಗಿದ್ದದ್ದು ಇಷ್ಟೆ. ಆರು ವರ್ಷದಿಂದ ಅಣ್ಣ ಎಲ್ಲೂ ಫೋಟೋಕ್ಕೆ ನಿಂತಿರಲಿಲ್ಲ. ಇರುವುದು ಒಂದೇ ಒಂದು, ಮೊನ್ನೆ ಅವನ ಮನೆಗೆ ಬಂದಾಗ ಮಗಳ ಕೋಣೆಯ ಗೋಡೆಯ ಮೇಲೆ ಅವಳು ನೋಡಿದ್ದು: ಅಂಗಡಿಯ ಮುಂದೆ ಮಗಳನ್ನು ತಬ್ಬಿಕೊಂಡಿರುವ ಕರಡಿ. ಆ ಕರಡಿಯನ್ನು ಅಲ್ಲಿಂದ ತೆಗೆದು ನಮ್ಮ ಮನೆ ಬಾಗಿಲ ಮುಂದೆ, ನನ್ನ ಮತ್ತು ಮಗಳ ನಡುವೆ ನಿಲ್ಲಿಸಿ ಕೊಡು ಎಂದಳು. ಪಕ್ಕದ ಮನೆಯವರ ಕೈಲಿ ತೆಗೆಸಿದ ಫೋಟೋ ತಂದಿದ್ದಳು. ಅದರಲ್ಲಿ ಅವಳೂ ಅಣ್ಣನ ಮಗಳೂ ಬಾಗಿಲ ಎರಡು ಪಕ್ಕ ನಿಂತು, ನಡುವೆ ಜಾಗ ಬಿಟ್ಟಿದ್ದರು. ಆ ಜಾಗವನ್ನು ನೋಡಿದ ಕೂಡಲೇ ಅವನ ಕಣ್ಣು ಅಳತೆ ಹಾಕಿತು, ಅಭ್ಯಾಸ. ಬಿಟ್ಟಿದ್ದು ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ, ಕರಡಿ ಹಿಡಿಸುವಷ್ಟಲ್ಲ. ಅಷ್ಟರಲ್ಲಿ ಅತ್ತಿಗೆ ಹೇಳಿದಳು, ಆ ದಿನ ಒಳಗಿದ್ದವರು ಇವರೇ ಅಂತ ನಿಂಗಾದರೂ ಹೇಗೆ ಗೊತ್ತಾಗಬೇಕು ಪಾಪ, ನಿಮ್ಮಣ್ಣನ ಗುಟ್ಟು ಅಂದರೆ ಗುಟ್ಟು, ಎಂದು. ಹೌದು ಅತ್ತಿಗೆ, ಎಂದಿದ್ದ ಅವನು. ಅವನ ಹದಿನೈದನೇ ವಯಸ್ಸಿನಲ್ಲಿ, ಪರೀಕ್ಷೆಯ ಬೆಳಿಗ್ಗೆಗಳಲ್ಲಿ ಕಾಫಿ ಮಾಡಿಕೊಟ್ಟು ಎಬ್ಬಿಸುತ್ತಿದ್ದವಳ ಮುಂದೆ, ಮುಖದ ಒಂದು ಗೆರೆಯೂ ಅಲುಗದ ಹಾಗೆ, ಹೌದು ಅತ್ತಿಗೆ.

ಗೊತ್ತಾಗಿತ್ತು. ಫೋಟೋ ತೆಗೆಯುವ ಎರಡು ನಿಮಿಷ ಮೊದಲೇ ಗೊತ್ತಾಗಿತ್ತು. ನಾಲ್ಕು ವರ್ಷದ ಹಿಂದೆ, ಒಂದು ಸುಡು ಮಧ್ಯಾಹ್ನ, ಹೆಂಡತಿ, ಮಗಳು, ಭಾವ ಎಲ್ಲ ಬಟ್ಟೆ ಕೊಳ್ಳಲು ಹೋಗಿದ್ದರು. ಮಗಳು ಕರಡಿಯನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಜನ ಕಡಿಮೆಯಿದ್ದ ಆ ಗಳಿಗೆಯಲ್ಲಿ ಕರಡಿ ಗೋಡೆಯ ಕಡೆ ತಿರುಗಿ, ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದು ಪಾದದ ಮೇಲ್ಭಾಗವನ್ನು ಮೀನಖಂಡಕ್ಕೆ ಮೆಲ್ಲಗೆ ಉಜ್ಜಿಕೊಳ್ಳುತ್ತಿತ್ತು. ಅಪ್ಪ ಬೈಯುವಾಗ ಅಣ್ಣ ನಿಲ್ಲುತ್ತಿದ್ದದ್ದು ಹೀಗೆ. ಕೆಲಸ ಹೋದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತದ್ದೂ ಹೀಗೆ. ಅಷ್ಟರಲ್ಲಿ ಭಾವ ಹಿಂದಿನಿಂದ, ಈ ಬಿಸಿಲಲ್ಲಿ ಯಾವನೋ ಬಡಪಾಯಿ ಒಳಗೆ ಬೇಯುತ್ತಿದ್ದಾನೆ, ಮೂರು ಕಾಸಿನ ಕೆಲಸಕ್ಕೆ ಏನೇನು ಮಾಡ್ತಾರಪ್ಪ ಜನ, ಎಂದು ನಕ್ಕ. ಅವನೂ ನಕ್ಕ. ಆ ನಗು ಎಲ್ಲಿಂದ ಬಂತೋ ಇವತ್ತಿಗೂ ಅವನಿಗೆ ತಿಳಿಯದು, ಆದರೆ ಬಂದದ್ದು ತನ್ನ ಬಾಯಿಂದಲೇ ಎಂಬುದು ಚೆನ್ನಾಗಿ ಗೊತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡದೆ ಇದ್ದಿದ್ದರೂ ಆಗುತ್ತಿತ್ತು, ಮಗಳನ್ನು ಎತ್ತಿಕೊಂಡು ಸುಮ್ಮನೆ ಒಳಗೆ ಹೋಗಬಹುದಿತ್ತು. ಅವನು ಕ್ಯಾಮೆರಾ ತೆಗೆದ. ಗೊತ್ತಿಲ್ಲದವರು ಹೇಗೆ ಮಾಡುತ್ತಾರೋ ಹಾಗೆಯೇ, ಅದಕ್ಕಿಂತ ಒಂದು ಕೈ ಮೇಲೆಯೇ ಮಾಡಿದ. ಏಯ್ ಕರಡಿ, ಈ ಕಡೆ ನೋಡೋ, ಎಂದ. ಒಂಬತ್ತು ವರ್ಷ ದೊಡ್ಡವನಾದ ಅಣ್ಣನಿಗೆ ಬನ್ನಿ ಹೋಗಿ ಎನ್ನುವುದು ಬಿಟ್ಟು ಬೇರೆ ಮಾತಾಡಿ ಗೊತ್ತಿರಲಿಲ್ಲ ಅವನಿಗೆ. ಮಗಳು ಓಡಿಹೋಗಿ ಕೈ ಎಳೆದಳು, ಕರಡಿ ತಿರುಗಿತು. ಮಗು ನಿನ್ನ ಸೊಂಟಕ್ಕೂ ಬರಲ್ಲ, ಮಂಡಿ ಊರೋ, ಎಂದ. ಕರಡಿ ಎರಡನೇ ಸಲ ಹೇಳಿಸಿಕೊಳ್ಳದೆ ಮಂಡಿಯೂರಿತು. ಒಂದು ಮಂಡಿ, ಆಮೇಲೆ ನೆಲಕ್ಕೆ ಕೈ ಕೊಟ್ಟು ಇನ್ನೊಂದು ಮಂಡಿ. ಫೋಟೋ ತೆಗೆದಾದ ಮೇಲೆ ಕರಡಿಯ ತೋಳು ಮಗಳ ಸುತ್ತ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಸಾಕು ಬಿಡೋ, ಎಂದು ಅವನು ಮಗಳ ಕೈ ಹಿಡಿದು ಎಳೆದುಕೊಂಡ.

ಅದಾದ ಮೇಲೆ ಅಣ್ಣ ಅವನ ಮನೆಗೆ ಬರಲಿಲ್ಲ. ಕೆಲಸ ಜಾಸ್ತಿ, ಬಸ್ಸು ಸಿಗಲ್ಲ, ಮಗಳ ಪರೀಕ್ಷೆ. ಪ್ರತಿ ನೆಪಕ್ಕೂ ಅವನು ಅಯ್ಯೋ ಎನ್ನುತ್ತಿದ್ದ, ಒಳಗೊಳಗೇ ಭಾರ ಇಳಿದಂತೆ ಉಸಿರು ಬಿಡುತ್ತಿದ್ದ. ತಾನು ಗುರುತು ಹಿಡಿದದ್ದು ಅಣ್ಣನಿಗೆ ಗೊತ್ತಿರಲಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಗೊತ್ತಿಲ್ಲದಿದ್ದರೆ ಯಾಕೆ ಬರುತ್ತಿಲ್ಲ ಎಂಬ ಪ್ರಶ್ನೆ ಎದುರಾದರೆ ಎದ್ದು ಹೋಗಿ ನೀರು ಕುಡಿಯುತ್ತಿದ್ದ. ಮಗಳು ಫೋಟೋವನ್ನು ಗೋಡೆಗೆ ಅಂಟಿಸಿದ ದಿನ, ಬಣ್ಣ ಕೆಡುತ್ತೆ, ತೆಗಿ ಎಂದ. ಅವಳು ತೆಗೆಯಲಿಲ್ಲ. ನಾಲ್ಕು ವರ್ಷ ಆ ಕೋಣೆಗೆ ಹೋದಾಗಲೆಲ್ಲ ಅವನು ಕಿಟಕಿಯ ಕಡೆ ನೋಡಿಕೊಂಡು ಮಾತಾಡಿದ.

ಮಧ್ಯಾಹ್ನ ಹನ್ನೆರಡೂವರೆಗೆ ಮಗಳು ಪೂರ್ತಿ ಬಿಟ್ಟುಬಂದಳು. ಅವಳಿದ್ದ ಕಡೆ ಕರಡಿಯ ಎದೆಯಲ್ಲಿ ಮಗುವಿನ ಆಕಾರದ ಒಂದು ತೂತು ಉಳಿಯಿತು. ಅದನ್ನು ಬೆನ್ನಿನ ರೋಮ ತಂದು ತುಂಬಿದ, ಮುಚ್ಚಿಹೋಗಿದ್ದ ಎಡಗೈಗೆ ಬಲಗೈಯನ್ನೇ ತಿರುಗಿಸಿ ಜೋಡಿಸಿದ. ಕರಡಿಯನ್ನು ಒಯ್ದು ಅಣ್ಣನ ಮನೆಯ ಬಾಗಿಲ ಮುಂದೆ ಇಟ್ಟ. ಇಟ್ಟು ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಹೆಂಡತಿ ಮಗಳು ಎರಡು ಪಕ್ಕ ನೆಟ್ಟಗೆ ನಿಂತಿದ್ದಾರೆ, ನಡುವೆ ಅಣ್ಣ ತನ್ನ ಮನೆಯ ಹೊಸ್ತಿಲಲ್ಲೇ ಮಂಡಿಯೂರಿ ತೋಳು ಚಾಚಿದ್ದಾನೆ, ಏನೋ ತಪ್ಪು ಮಾಡಿ ಒಳಗೆ ಬಿಟ್ಟುಕೊಳ್ಳಿ ಎಂದು ಬೇಡುವವನ ಹಾಗೆ. ದೊಡ್ಡದು ಮಾಡಿದ, ಚಿಕ್ಕದು ಮಾಡಿದ, ಅತ್ತಿಗೆಯ ಹಿಂದೆ ಸರಿಸಿದ, ಮುಂದೆ ಹೂಕುಂಡ ತಂದಿಟ್ಟು ಮಂಡಿ ಮುಚ್ಚಿದ. ಏನು ಮಾಡಿದರೂ ಮಂಡಿಯೂರಿದವನು ಮಂಡಿಯೂರಿದ್ದ. ಫೋಟೋದಲ್ಲಿ ಕಾಲುಗಳೇ ಇರಲಿಲ್ಲ, ಮಡಚಿ ಮೈಯ ಕೆಳಗೆ ಹೋಗಿದ್ದವು. ಇಲ್ಲದ ಕಾಲನ್ನು ಎಲ್ಲಿಂದ ಬಿಡಿಸುವುದು?

ಅದನ್ನು ಹಾಗೇ ಬಿಟ್ಟು ಬೆಳಕಿನ ಕೆಲಸಕ್ಕೆ ಹೋದ. ಕೈ ಖಾಲಿ ಕೂತರೆ ತಲೆ ಓಡುತ್ತದೆ. ಕರಡಿ ನಡುಮಧ್ಯಾಹ್ನದ ಬಿಸಿಲಿನದು, ಮನೆಯ ಬಾಗಿಲು ಬೆಳಗಿನ ನೆರಳಿನದು; ಎರಡೂ ಒಂದೇ ಹೊತ್ತಿನದು ಅನ್ನಿಸಬೇಕಾದರೆ ಬಿಸಿಲಿನ ಹೊಳಪನ್ನು ತಗ್ಗಿಸಿ ಕಪ್ಪಾಗಿರುವ ಕಡೆಗಳನ್ನು ಬೆಳಗಿಸಬೇಕು. ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ. ಮೊದಲು ಕಣ್ಣು ಬಾಯಿಗಳ ಕಪ್ಪನ್ನು ಬೇರೆ ಇಟ್ಟು ಉಳಿದದ್ದನ್ನು ಮಾತ್ರ ಬೆಳಗಿಸಬೇಕು ಎಂಬುದು ಹೊಸಬರಿಗೂ ಗೊತ್ತು. ಅವನು ಮರೆತ. ಸ್ಕ್ರೀನಿನ ಮೇಲೆ ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಬಲಕ್ಕೆ ಎಳೆಯುತ್ತ ಹೋದ ಹಾಗೆ ರೋಮ ತಿಳಿಯಾಯಿತು, ಹೊಲಿಗೆಗಳು ಕಂಡವು, ಕರಡಿಯ ತೆರೆದ ಬಾಯಿಯೊಳಗಿನ ಕಪ್ಪು ಬೂದಿಬಣ್ಣಕ್ಕೆ ತಿರುಗಿತು. ಅಲ್ಲಿ ಒಂದು ಬಲೆ ಇತ್ತು, ಒಳಗಿದ್ದವನು ಹೊರಗೆ ನೋಡಲೆಂದು ಇಟ್ಟದ್ದು. ಬಲೆಯ ಹಿಂದೆ ಒಂದು ಮುಖ ಇತ್ತು.

ಅವನು ಮೌಸಿನಿಂದ ಕೈ ತೆಗೆದ. ಪಕ್ಕದ ಕೋಣೆಯಲ್ಲಿ ಭಾವ ಯಾರಿಗೋ ಗಲ್ಲ ಮೇಲೆತ್ತಿ, ಇನ್ನೂ ಸ್ವಲ್ಪ, ಎನ್ನುತ್ತಿದ್ದ. ಚುಕ್ಕೆ ಚುಕ್ಕೆಯಾಗಿ ಒಡೆದುಹೋಗಿದ್ದ ಮುಖ. ಆದರೂ ಹಣೆಗೆ ಅಂಟಿದ ಕೂದಲು, ಬೆವರಿಗೆ ಹೊಳೆಯುವ ಮೂಗು, ಎಲ್ಲ ಗೊತ್ತಾಗುತ್ತಿತ್ತು. ಅಣ್ಣ ನಗುತ್ತಿದ್ದ. ತುಟಿ ಬಿಗಿಹಿಡಿದು ನಗುವ ಅವನ ಎಂದಿನ ನಗುವಲ್ಲ, ಹಲ್ಲು ಕಾಣುವ ನಗು. ಫೋಟೋ ಎಂದರೆ ಅವಿತುಕೊಳ್ಳುತ್ತಿದ್ದವನು, ಹೊರಗಿನಿಂದ ಯಾರಿಗೂ ಏನೂ ಕಾಣದ ಆ ಕತ್ತಲಲ್ಲಿ ಕೂತು, ಫೋಟೋಕ್ಕೆ ಸರಿಯಾಗಿ ನಕ್ಕಿದ್ದ. ಕಣ್ಣು ನೇರ ಕ್ಯಾಮೆರಾದ ಮೇಲೆ. ಅಂದರೆ ಕ್ಯಾಮೆರಾ ಹಿಡಿದವನ ಮೇಲೆ. ಅವನಿಗೆ ಆ ಮುಖವನ್ನು ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಬೈದಿದ್ದರೆ, ಅತ್ತಿದ್ದರೆ, ಮುಖ ಗಂಟು ಹಾಕಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಗುಂಡಿಯನ್ನು ಎಡಕ್ಕೆ ಎಳೆದು ಮತ್ತೆ ಕಪ್ಪು ಮಾಡಿಬಿಡಬೇಕು ಎಂದು ಕೈ ಚಾಚುವಷ್ಟರಲ್ಲಿ, ಹಿಂದೆ ಯಾರೋ ನಿಂತಂತಾಗಿ ತಿರುಗಿದ. ಮೂರು ಗಂಟೆಗೆ ಬರುತ್ತೇನೆ ಎಂದಿದ್ದ ಅತ್ತಿಗೆ ಎರಡಕ್ಕೇ ಬಂದಿದ್ದಳು.

ಅವಳು ಬಾಗಿ, ಕನ್ನಡಕವನ್ನು ಹಣೆಗೆ ಏರಿಸಿ, ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಹತ್ತಿರ ಹೋದರೆ ಚುಕ್ಕೆಗಳು ಮಾತ್ರ ಕಾಣುತ್ತವೆ, ದೂರ ನಿಂತು ನೋಡಿ ಅತ್ತಿಗೆ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವಳು ತಾನೇ ಹಿಂದೆ ಸರಿದಳು, ಬಾಯಿಗೆ ಸೆರಗು ಹಿಡಿದಳು.

"ನಗ್ತಿದಾರೆ," ಎಂದಳು. ಆಮೇಲೆ, "ನಮ್ಮ ಮದುವೆ ಫೋಟೋದಲ್ಲೂ ಇಷ್ಟು ನಕ್ಕಿಲ್ಲ. ತೆಗೆದಿದ್ದು ನೀನೇ ಅಲ್ವಾ?"

ಹೌದು ಎಂದು ತಲೆಯಾಡಿಸಿದ.

"ನಿನ್ನ ನೋಡಿನೇ ನಕ್ಕಿರೋದು. ಎದುರಿಗೇ ತಮ್ಮ, ತೋಳಲ್ಲಿ ತಮ್ಮನ ಮಗಳು. ನಿಂಗೆ ಗೊತ್ತೇ ಆಗಲಿಲ್ಲವಲ್ಲೋ." ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು, ಸಮಾಧಾನ ಮಾಡುವ ಹಾಗೆ.

ಆ ಕೈ ಅಲ್ಲಿ ಇಲ್ಲದಿದ್ದರೆ ಅವನು ಇನ್ನೂ ನಾಲ್ಕು ವರ್ಷ ಸುಮ್ಮನಿರುತ್ತಿದ್ದನೋ ಏನೋ. "ಗೊತ್ತಾಗಿತ್ತು ಅತ್ತಿಗೆ," ಎಂದ. ದನಿ ತನ್ನದಲ್ಲ ಅನ್ನಿಸುವಷ್ಟು ಸಣ್ಣಗಿತ್ತು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗದೆ ಎಲ್ಲ ಹೇಳಿದ, ಗೋಡೆಯ ಕಡೆ ತಿರುಗಿ ಕಾಲು ಉಜ್ಜಿಕೊಂಡದ್ದು, ಭಾವ ನಕ್ಕದ್ದು, ತಾನು ನಕ್ಕದ್ದು. ಮಂಡಿಯೂರಿಸಿದ್ದು ತಾನೇ ಎಂಬುದನ್ನು ಕೊನೆಗೆ ಇಟ್ಟುಕೊಂಡಿದ್ದ, ಅದನ್ನೂ ಹೇಳಿದ. ಬೆನ್ನ ಮೇಲಿನ ಕೈ ಯಾವಾಗ ಹೋಯಿತೋ ಅವನಿಗೆ ತಿಳಿಯಲಿಲ್ಲ.

"ಏನಂತ ಅಂದೆ ಅವರಿಗೆ?"

"ಮಂಡಿ ಊರೋ ಅಂದೆ."

ಅತ್ತಿಗೆ ಮತ್ತೆ ಸ್ಕ್ರೀನಿನ ಕಡೆ ತಿರುಗಿದಳು. "ಅವರಿಗೆ ಮಂಡಿನೋವು ಇತ್ತು," ಎಂದಳು. ಸಿಟ್ಟಿನಿಂದಲ್ಲ, ಅವನಿಗೆ ಗೊತ್ತಿಲ್ಲದ ಒಂದು ವಿಷಯ ತಿಳಿಸುವವಳ ಹಾಗೆ. "ದಿನಾ ಬಿಸಿನೀರಿನ ಬಟ್ಟೆ ಇಡ್ತಿದ್ದೆ. ನಿಂತು ನಿಂತು ಬಂದಿದ್ದು ಅಂತ ಅಂದ್ಕೊಂಡಿದ್ದೆ ನಾನು." ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲ ತನಕ ಹೋದವಳು ನಿಂತು, ತಿರುಗದೆಯೇ ಹೇಳಿದಳು: "ಕೂರಿಸಿದ್ದು ನೀನು. ನೀನೇ ಎಬ್ಬಿಸು. ನಾಳೆ ಬರ್ತೀನಿ."

ಐದು ಗಂಟೆಯ ತನಕ ಅವನು ಕಾಲು ಹುಡುಕಿದ. ಹಳೆಯ ಫೈಲುಗಳಲ್ಲಿ ಹುಲಿಯ ಕಾಲಿತ್ತು, ಮೊಲದ ವೇಷದವನ ಕಾಲಿತ್ತು, ಜೋಡಿಸಿದರೆ ಎರಡೂ ಅಪಹಾಸ್ಯ. ಕೊನೆಗೆ ಇದ್ದ ದಾರಿ ಒಂದೇ. ಆ ಅಂಗಡಿಯ ಮುಂದೆ ಈಗಲೂ ಒಂದು ಕರಡಿ ನಿಲ್ಲುತ್ತದೆ, ಅಣ್ಣ ತೊಟ್ಟ ವೇಷವನ್ನೇ ಈಗ ಬೇರೆ ಯಾರೋ ತೊಟ್ಟಿದ್ದಾರೆ. ಹೋಗಿ ಅವರನ್ನು ನಿಲ್ಲಿಸಿ ಒಂದು ಫೋಟೋ ತೆಗೆದರೆ, ಮೈ ಅವರದು, ಬಾಯೊಳಗಿನ ಮುಖ ಅಣ್ಣನದು. ಬೆಳಕಿಗೆ ತಕ್ಕ ಬೆಳಕು, ರೋಮಕ್ಕೆ ತಕ್ಕ ರೋಮ, ಅತ್ತಿಗೆಗೂ ತಿಳಿಯದು. ಭಾವನಿಗೆ ತಲೆನೋವು ಎಂದು ಹೇಳಿ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೊರಟ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಇದ್ದರೂ ಕೂರಲಿಲ್ಲ.

ಅಂಗಡಿಯ ಬಾಗಿಲ ಎರಡು ಪಕ್ಕ ಆಳೆತ್ತರದ ಸ್ಪೀಕರುಗಳು ಯಾವುದೋ ರಿಯಾಯಿತಿಯನ್ನು ಒದರುತ್ತಿದ್ದವು. ನಡುವೆ ಕರಡಿ. ಎಡಗಿವಿಯನ್ನು ಹೊಸ ದಾರದಲ್ಲಿ ಹೊಲಿದಿದ್ದರು, ಉಳಿದಂತೆ ಅದೇ ಹೊಟ್ಟೆ, ಅದೇ ಪಾದ. ಮಕ್ಕಳು ಚದುರುವ ತನಕ ರಸ್ತೆಯಾಚೆ ಕಾದು, ಹತ್ತಿರ ಹೋಗಿ, ಚಪ್ಪಲಿ ಬಿಡುವುದೊಂದು ಬಾಕಿ ಎಂಬಷ್ಟು ವಿನಯದಿಂದ, ಸ್ವಲ್ಪ ನಿಂತ್ಕೊಳ್ಳಿ, ಒಂದೇ ಒಂದು ಫೋಟೋ, ಹಾಗೇ ನಿಂತಿದ್ದರೆ ಸಾಕು, ಎಂದ. ಕರಡಿ ತಲೆ ಓರೆ ಮಾಡಿತು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾ ಎತ್ತಿದ. ಎತ್ತಿದ್ದೇ ತಡ ಕರಡಿ ಮಂಡಿಯೂರಿತು. ಒಂದು ಮಂಡಿ, ಆಮೇಲೆ ನೆಲಕ್ಕೆ ಕೈ ಕೊಟ್ಟು ಇನ್ನೊಂದು. ಪಕ್ಕದಲ್ಲಿ ಇಲ್ಲದ ಮಗುವಿಗಾಗಿ ತೋಳು ಚಾಚಿತು.

"ಬೇಡ, ಏಳಿ. ದಯವಿಟ್ಟು ಏಳಿ," ಎಂದ. ಇನ್ನೂ ಜೋರಾಗಿ ಹೇಳಿದ. ಓಡಿಹೋಗಿ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ. ಬಾಗಿಲ ಕಾವಲಿನವನು ಬಂದು ಅವನ ಭುಜ ಹಿಡಿದ.

"ಏನ್ ಸಾರ್ ಇದು? ಎಷ್ಟು ಕೂಗಿದ್ರೂ ಒಳಗೆ ಒಂದಕ್ಷರ ಕೇಳ್ಸಲ್ಲ ಅವನಿಗೆ. ಈ ಸ್ಪೀಕರು ಬೇರೆ, ತಲೆ ಒಳಗೆ ಫ್ಯಾನು ಬೇರೆ. ಕ್ಯಾಮೆರಾ ಕಂಡ ತಕ್ಷಣ ಕೂತ್ಕೋಬೇಕು ಅಂತ ಹೇಳ್ಕೊಟ್ಟಿರೋದೇ ನಾವು. ಹಳಬನ ಕಾಲದಿಂದ್ಲೂ ಹಂಗೇ."

ಅವನು ಕೈ ಬಿಟ್ಟ. ಹಾಗಾದರೆ ಕೇಳಿಸಿರಲಿಲ್ಲ. ನೋಡೋ ಎಂದದ್ದು, ಮಂಡಿ ಊರೋ ಎಂದದ್ದು, ಬಿಡೋ ಎಂದದ್ದು, ಭಾವನ ಮಾತು, ತನ್ನ ನಗು, ಒಂದೂ ಅಣ್ಣನ ಕಿವಿಗೆ ಬಿದ್ದಿರಲಿಲ್ಲ. ಕ್ಯಾಮೆರಾ ಕಂಡಿತು, ಕೂತ, ಅಷ್ಟೆ. ಅವನಿಗೆ ಒಮ್ಮೆಲೇ ನಗು ಬಂತು, ಕಣ್ಣಲ್ಲಿ ನೀರು ಬರುವಂಥ ನಗು. ಈಗಲೇ ಅತ್ತಿಗೆಯ ಮನೆಗೆ ಓಡಿಹೋಗಿ, ಅಣ್ಣನಿಗೆ ಕೇಳಿಸಿರಲಿಲ್ಲ ಅತ್ತಿಗೆ, ಎಂದು ಹೇಳಬೇಕು ಅನ್ನಿಸಿತು. ಕಾವಲಿನವನು ವಿಚಿತ್ರವಾಗಿ ನೋಡುತ್ತಿದ್ದ. ಆ ನಗು ಮುಗಿಯುವ ಮೊದಲೇ ಇನ್ನೊಂದು ವಿಷಯ ಅವನ ಒಳಗೆ ಇಳಿಯಿತು. ಏನೂ ಕೇಳಿಸದಿದ್ದರೆ ಅಣ್ಣ ಅಂಥ ನಗು ನಕ್ಕದ್ದು ಖುಷಿಗೆ. ತಮ್ಮ ಗುರುತು ಹಿಡಿದಿಲ್ಲ ಎಂಬ ಖುಷಿಗೆ, ಮಗುವನ್ನು ತಬ್ಬಿಕೊಂಡೆ ಎಂಬ ಖುಷಿಗೆ. ಅವಮಾನ ಅವತ್ತು ಅಣ್ಣನನ್ನು ಮುಟ್ಟಿರಲಿಲ್ಲ. ಮತ್ತೆ ಯಾಕೆ ನಾಲ್ಕು ವರ್ಷ ಮನೆಗೆ ಬರಲಿಲ್ಲ?

ಯಾಕೆ ಎಂದು ಅವನಿಗೆ ಗೊತ್ತಿತ್ತು. ಮಂಡಿ, ಬಿಸಿಲು, ಭಾವನ ನಗು ಎಂದು ನಾಲ್ಕು ವರ್ಷ ಅದರ ಮೇಲೆ ಇಷ್ಟೆಲ್ಲ ಹೇರಿಟ್ಟಿದ್ದ. ಅದೇ ದಿನ ಸಂಜೆ ಅಣ್ಣ ಫೋನ್ ಮಾಡಿದ್ದ. ಹಾಳುಮೂಳು ಮಾತಾಡಿದ. ಮತ್ತೆ, ಚಿಕ್ಕಂದಿನಲ್ಲಿ ಬೆನ್ನ ಹಿಂದೆ ಏನೋ ಅಡಗಿಸಿಟ್ಟುಕೊಂಡು ಯಾವ ಕೈಯಲ್ಲಿದೆ ಹೇಳು ನೋಡೋಣ ಎನ್ನುವಾಗಿನ ದನಿಯಲ್ಲಿ, "ಮಗು ಫೋಟೋ ಚೆನ್ನಾಗಿ ಬಂತೇನೋ?" ಎಂದು ಕೇಳಿದ್ದ. ಹೇಳಿಬಿಡಲು ಸಿದ್ಧನಾಗಿದ್ದ ಅಣ್ಣ, ಒಂದು ಹೂಂ ಅಂದರೆ ಸಾಕಿತ್ತು.

"ಯಾವ ಫೋಟೋ?" ಎಂದಿದ್ದ ಅವನು. ಭಾವ ಎದುರಿಗೇ ಕೂತಿದ್ದ; ಅವನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಮುಂದುವರಿಸಿದ. "ನಾವೆಲ್ಲೂ ಹೋಗಿರಲಿಲ್ವಲ್ಲ ಇವತ್ತು."

ಆ ಕಡೆ ಉಸಿರಾಡುವುದು ಕೇಳಿಸುತ್ತಿತ್ತು. ಫ್ಯಾನು ಇರಲಿಲ್ಲ, ಸ್ಪೀಕರು ಇರಲಿಲ್ಲ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಮುಟ್ಟಿತ್ತು.

"ಏನಿಲ್ಲ ಬಿಡು," ಎಂದ ಅಣ್ಣ. "ಊಟ ಆಯ್ತಾ?"

ಆಯ್ತು, ಎಂದಿದ್ದ.